ಬಾಟಲಿಯಲ್ಲಿದ್ದ ಕಿವಿ

"ಎಂಟೂವರೆ," ಎಂದಳು ಅಕ್ಕ, ಭೂತಗನ್ನಡಿಯಿಂದ ಕಣ್ಣು ತೆಗೆಯದೆ. "ಬರ್ಕೋ ತಮ್ಮ."

ಬರೆದುಕೊಂಡೆ. ಅದು ಹದಿನೇಳನೆಯ ಹುಳು. ಹದಿನೇಳೂ ಏಳರಿಂದ ಒಂಬತ್ತು ಮಿಲಿಮೀಟರಿನ ಒಳಗೇ ಇದ್ದವು, ಒಂದೇ ದಿನ ಶಾಲೆಗೆ ಸೇರಿದ ಮಕ್ಕಳ ಹಾಗೆ. ಅಂಗೈ ಅಗಲದ ಒಂದು ಲಿವರ್ ತುಂಡಿನಿಂದ ಇಷ್ಟು ಹೊರಬಿದ್ದಿದ್ದವು. ತುಂಡಿನಲ್ಲಿ ಇನ್ನೂ ಅರ್ಧ ಬಾಕಿಯಿತ್ತು.

ಹಿಂದಿನ ವಾರ ಕುರಿ ಫಾರಮ್ಮಿನಲ್ಲಿ ಮೂರೇ ದಿನಕ್ಕೆ ಇಪ್ಪತ್ಮೂರು ತಾಯಿ ಕುರಿಗಳು ಸತ್ತಿದ್ದವು. ವಿಷ ಹಾಕಿದನೆಂದು ನಿನ್ನೆ ಸಂಜೆ ಅಲ್ಲಿನ ಮಂದೆ ಕಾಯುವ ಕುರಿಯಜ್ಜನನ್ನು ಪೊಲೀಸರು ಹಿಡಿದಿದ್ದರು. ಇವತ್ತು ನಾಲ್ಕು ಗಂಟೆಗೆ ಅವನನ್ನು ಕೋರ್ಟಿಗೆ ಒಪ್ಪಿಸಬೇಕು. ಗೋಡೆ ಗಡಿಯಾರದಲ್ಲಿ ಎರಡೂಕಾಲು ಆಗಿತ್ತು.

ಅಜ್ಜನನ್ನು ಹಿಡಿದದ್ದು ನನ್ನ ಗೇಟಿನಲ್ಲೇ. ಮಗಳ ಹೆರಿಗೆಗೆಂದು ಹದಿನೆಂಟು ದಿನ ರಜೆ ಹಾಕಿ ಹೋಗಿದ್ದವನು, ಮೊಮ್ಮಗಳು ಹುಟ್ಟಿದ ಸಂತೋಷದಲ್ಲಿ ನಗುತ್ತಾ ಬಂದ. ಒಳಗೆ ಕಾಲಿಡುವ ಮೊದಲೇ ಜೀಪು ಹತ್ತಿಸಿದರು. ಹೆಡ್ ಕಾನ್ಸ್‌ಟೇಬಲ್ಲಾಗಿದ್ದು ಸ್ವಯಂನಿವೃತ್ತಿ ಪಡೆದು, ಈಗ ಅದೇ ಫಾರಮ್ಮಿನ ಗೇಟು ಕಾಯುವ ನನಗೆ ಅದನ್ನು ನಿಂತು ನೋಡುವುದಷ್ಟೇ ಉಳಿದಿತ್ತು.

ಅವನ ಮೇಲೆ ಇದ್ದ ಸಾಕ್ಷಿಯಾದರೂ ಏನು? ಕೋಣೆಯಲ್ಲಿ ಸಿಕ್ಕ ಒಂದು ಡಬ್ಬಿ ಇಲಿಪಾಷಾಣ. ಕುರಿಗಳು ನೆಕ್ಕಲೆಂದು ಹೊರಡುವ ಮುಂಚೆ ಅವನೇ ಕಲಸಿಟ್ಟು ಹೋಗಿದ್ದ ಉಪ್ಪಿನ ಉಂಡೆಗಳು. ಮತ್ತೆ ಅವನ ಬಾಯಿ. ರಜೆಯ ಚೀಟಿಗೆ ಸಹಿ ಹಾಕಲು ಮೇಲ್ವಿಚಾರಕರು ಗೊಣಗಿದಾಗ, ನಾನಿಲ್ಲದೆ ಈ ಕುರಿಗಳು ಹತ್ತು ದಿನ ಬದುಕಿದರೆ ಕೇಳಿ ಎಂದು ಎಲ್ಲರೆದುರು ಎದೆ ತಟ್ಟಿಕೊಂಡು ಹೋಗಿದ್ದ. ಹನ್ನೊಂದನೆಯ ದಿನ ಮೊದಲ ಕುರಿ ಸತ್ತಿತು. ಜಂಬದ ಮಾತು ಸಾಕ್ಷಿಯಾಗಿ ಬಿಟ್ಟಿತು.

ಇದೆಲ್ಲಕ್ಕಿಂತ ದೊಡ್ಡ ಸಾಕ್ಷಿ ಇನ್ನೊಂದಿತ್ತು. ಅದು ನನ್ನ ಅಕ್ಕನ ಸಹಿ.

ನನ್ನಕ್ಕ ಈ ಪ್ರಾಣಿರೋಗ ಪ್ರಯೋಗಾಲಯದ ಟೆಕ್ನಿಷಿಯನ್. ಮೂವತ್ತೊಂದು ವರ್ಷದಿಂದ ಇದೇ ಎರಡನೆಯ ಮಹಡಿ, ಇದೇ ಉತ್ತರದ ಕಿಟಕಿ, ಇದೇ ಮರದ ಸ್ಟೂಲು. ಡಾಕ್ಟರುಗಳೆಲ್ಲ ಅವಳನ್ನು ಸ್ಲೈಡಮ್ಮ ಎನ್ನುತ್ತಾರೆ. ಅವಳ ಹೆಸರಿನ ಮುಂದೆ ಡಿಗ್ರಿ ಇಲ್ಲ, ನಿಜ. ಆದರೆ ಡಿಗ್ರಿ ಇರುವವರು ಹುಳುವಿನ ಮೊಟ್ಟೆ ಯಾವುದು, ಗಾಳಿಗುಳ್ಳೆ ಯಾವುದು ಎಂದು ತಿಳಿಯದೆ ಸ್ಲೈಡು ಹಿಡಿದುಕೊಂಡು ಇವಳ ಮುಂದೆ ಬಂದು ನಿಲ್ಲುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೊಗಳುತ್ತೇನೆ ಎಂದುಕೊಳ್ಳಬೇಡಿ. ಹೊಗಳುವುದೇ ಹೌದು, ಯಾಕೆ ಹೊಗಳಬಾರದು?

ಸತ್ತ ಕುರಿಗಳಲ್ಲಿ ಮೂರು-ನಾಲ್ಕರ ಹಿಕ್ಕೆ ಪರೀಕ್ಷೆಗೆ ಬಂದಾಗ ಅವಳು ನೋಡಿ, "ಹುಳುವಿನ ಮೊಟ್ಟೆ ಇಲ್ಲ" ಎಂದು ಬರೆದು ಸಹಿ ಹಾಕಿದ್ದಳು. ಮೇಲ್ವಿಚಾರಕರ ಕಡತಕ್ಕೆ ಹೋಗುವಷ್ಟರಲ್ಲಿ ಅದು "ಹುಳುಬಾಧೆ ಇಲ್ಲ" ಎಂದಾಗಿತ್ತು. ಹುಳುಬಾಧೆ ಇಲ್ಲ, ರೋಗವಿಲ್ಲ, ಹಾಗಾದರೆ ವಿಷ. ವಿಷವೆಂದ ಮೇಲೆ ಅಜ್ಜ.

ನಿನ್ನೆ ನಾನು ಮನೆಗೆ ಬಂದು ಸುದ್ದಿ ಹೇಳಿದಾಗ ಅಕ್ಕ ಊಟದ ತಟ್ಟೆ ಪಕ್ಕಕ್ಕೆ ಸರಿಸಿದಳು. ತನ್ನ ಸಹಿ ತೋರಿಸಿ ಒಬ್ಬ ಮನುಷ್ಯನಿಗೆ ಕೋಳ ಹಾಕಿದರೆಂಬುದು ಅವಳಿಗೆ ಸಹಿಸಲಾಗಲಿಲ್ಲ. ಬೆಳಿಗ್ಗೆ ಎಂಟಕ್ಕೇ ಲ್ಯಾಬಿಗೆ ಬಂದು, ಸ್ಲೈಡು ಮಾಡಲೆಂದು ಫಾರಮ್ಮಿನಿಂದ ಬಂದಿದ್ದ ಬಾಟಲಿಯನ್ನು ಕಪಾಟಿನಿಂದ ಇಳಿಸಿದಳು. ಸತ್ತ ಕುರಿಗಳಲ್ಲಿ ಒಂದರ ಲಿವರ್ ತುಂಡು ಅದರಲ್ಲಿತ್ತು. ಬಾಕಿಯೆಲ್ಲ ಸುಣ್ಣದ ಗುಂಡಿಯ ಪಾಲಾಗಿತ್ತು.

"ಸಾಕಾ ಅಮ್ಮ? ಇನ್ನೊಂದು ತಟ್ಟೆ ತೊಳೆದು ಕೊಡ್ಲಾ?" ಎಂದ ತೊಟ್ಟಿಯ ಹತ್ತಿರ ನಿಂತಿದ್ದ ಡಾಕ್ಟರು.

ಅವನು ಫಾರಮ್ಮಿನ ಪಶುವೈದ್ಯ. ಓದು ಮುಗಿಸಿ ಬಂದ ಹೊಸತರಲ್ಲಿ ಎರಡು ವರ್ಷ ಅಕ್ಕನ ಕೈಕೆಳಗೆ ಕಲಿತವನು. ಅವಳನ್ನು ಅಮ್ಮ ಎನ್ನುತ್ತಾನೆ, ನನ್ನನ್ನು ಮಾವ ಎನ್ನುತ್ತಾನೆ. ನಮ್ಮಿಬ್ಬರಿಗೂ ಮಕ್ಕಳಿಲ್ಲ; ನಮ್ಮ ಮನೆಗೆ ಅವನು ಬಂದರೆ ಅಡುಗೆ ಎರಡು ಬಗೆ ಹೆಚ್ಚಾಗುತ್ತದೆ. ಸುದ್ದಿ ಕೇಳಿ ಬೆಳಿಗ್ಗೆಯೇ ಓಡಿಬಂದು ಅವಳ ಪಾತ್ರೆ ತೊಳೆಯುತ್ತಾ ನಿಂತಿದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದವನ ಮುಖ.

ಬಾಗಿಲ ಪಕ್ಕದ ಗೋಡೆಯಲ್ಲಿ ಹೊಚ್ಚಹೊಸ ಹಿತ್ತಾಳೆ ಫಲಕವೊಂದಿದೆ. ಮೂವತ್ತೊಂದು ವರ್ಷದ ಸೇವೆಗಾಗಿ ಅಕ್ಕನನ್ನು ಸನ್ಮಾನಿಸಿದ ದಿನ ಕೊಟ್ಟದ್ದು. ಸನ್ಮಾನವಾಗಲೇಬೇಕೆಂದು ಹಟ ಹಿಡಿದು, ಎಲ್ಲರನ್ನೂ ಸೇರಿಸಿ, ಫಲಕ ಕೆತ್ತಿಸಿ ತಂದವನೂ ಈ ಹುಡುಗನೇ. ಬಂದಾಗಲೆಲ್ಲ ನಾನು ಅದನ್ನು ಅಂಗಿಯ ತೋಳಿನಿಂದ ಒಮ್ಮೆ ಒರೆಸುತ್ತೇನೆ. ಇವತ್ತೂ ಒರೆಸಿದ್ದೆ.

ಎರಡೂವರೆಗೆ ಇನ್‌ಸ್ಪೆಕ್ಟರು ಬಂದರು. ಹಿಂದೆ ಕುರಿಯಜ್ಜ, ಮುಂಗೈಯಲ್ಲಿ ಕೋಳ. ಇನ್‌ಸ್ಪೆಕ್ಟರು ನನ್ನ ಕೈಕೆಳಗೆ ಠಾಣೆಯ ಕೆಲಸ ಕಲಿತವರು. ಆ ದಾಕ್ಷಿಣ್ಯಕ್ಕೆ, ಕೋರ್ಟಿನ ದಾರಿಯಲ್ಲಿ ಒಂದು ಗಂಟೆ ಇಲ್ಲಿ ನಿಲ್ಲಿಸಲು ಒಪ್ಪಿದ್ದರು. ಅವರ ಬೆನ್ನಿಗೇ ಫಾರಮ್ಮಿನ ಮೇಲ್ವಿಚಾರಕರೂ ಕಡತ ಕಂಕುಳಲ್ಲಿಟ್ಟುಕೊಂಡು ಹತ್ತಿ ಬಂದರು. ಜೇಬಿನಲ್ಲಿ ಮೂರು ಪೆನ್ನು, ಮುಖದಲ್ಲಿ ಸಿಡುಕು.

ಅಕ್ಕ ಯಾರಿಗೂ ಕುರ್ಚಿ ತೋರಿಸಲಿಲ್ಲ. ಇನ್‌ಸ್ಪೆಕ್ಟರನ್ನು ಮೊದಲು ಕಿಟಕಿಯ ಬಳಿಗೆ ಕರೆದಳು.

ಅಲ್ಲಿ ಅಗಲ ಬಟ್ಟಲಿನ ತಿಳಿನೀರಿನಲ್ಲಿ ಅವಳ ಸಾಕುಪ್ರಾಣಿಗಳಿವೆ. ಉಗುರಿನ ಉದ್ದದ ಕಂದು ಚಪ್ಪಟೆ ಹುಳುಗಳು, ತಲೆಯ ಮೇಲೆ ಎರಡು ಮೆಳ್ಳೆಗಣ್ಣು. ತೊರೆಯ ಕಲ್ಲಿನಡಿ ಬದುಕುವಂಥವು. ಬ್ಲೇಡಿನಲ್ಲಿ ಎರಡು ಮಾಡಿದರೆ ಎರಡು ವಾರದಲ್ಲಿ ಎರಡು ಪೂರ್ತಿ ಹುಳುಗಳು. ಬಾಲದ ತುಂಡಿಗೆ ತಲೆ ಬರುತ್ತದೆ, ತಲೆಯ ತುಂಡಿಗೆ ಬಾಲ. ಲ್ಯಾಬಿಗೆ ಯಾರೇ ಹೊಸಬರು ಬಂದರೂ ಮೊದಲ ದಿನ ಒಂದು ಹುಳು ಕತ್ತರಿಸಿ ಕಾಯಬೇಕು. ಕೈಗೂ ತಾಳ್ಮೆಗೂ ಅದೇ ಅವಳ ಪಾಠ.

ಇದು ಮರ್ಯಾದಸ್ಥ, ದುಡಿದು ತಿನ್ನುತ್ತೆ, ಎಂದು ಅಕ್ಕ ವಿವರಿಸಿದಳು. ಕಣ್ಣಿದೆ, ತೆವಳಿ ಬೇಟೆಯಾಡುತ್ತೆ. ಬಾಯಿ ಹೊಟ್ಟೆಯ ನಡುವಿದೆ, ತಿಂದದ್ದರ ಉಳಿಕೆ ಹೊರಹೋಗುವುದೂ ಆ ಬಾಯಿಯಿಂದಲೇ. ಇನ್‌ಸ್ಪೆಕ್ಟರು ಮುಖ ಕಿವುಚಿದರು. ಈ ಲಿವರಿನ ಹುಳು ಇದರ ದಾಯಾದಿ, ಎಂದಳು. ಅದೇ ಚಪ್ಪಟೆ ಮೈ, ಅದೇ ಒಂದೇ ಬಾಯಿ. ಆದರೆ ಇನ್ನೊಬ್ಬರ ಮನೆಯಲ್ಲಿ ಕೂತು ತಿನ್ನುವುದಕ್ಕೆ ಕಣ್ಣು ಯಾತಕ್ಕೆ? ಕಣ್ಣು ಕಳಕೊಂಡು, ಕಚ್ಚಿ ಹಿಡಿಯಲು ಎರಡು ಹೀರುಬಟ್ಟಲು ಇಟ್ಟುಕೊಂಡಿದೆ. ಇದರ ಮರಿ ಮೊದಲು ಜೌಗಿನ ಬಸವನಹುಳುವಿನ ಹೊಟ್ಟೆ ಸೇರುತ್ತದೆ, ಅಲ್ಲಿ ಒಂದು ಹೋಗಿ ನೂರಾರು ಆಗುತ್ತದೆ, ಹೊರಬಂದು ನೀರಂಚಿನ ಹುಲ್ಲಿಗೆ ಗುಂಡುಸೂಜಿಯ ತುದಿಯಷ್ಟು ಗೂಡು ಕಟ್ಟಿ ಅಂಟಿಕೊಳ್ಳುತ್ತದೆ. ಆ ಹುಲ್ಲನ್ನು ಕುರಿ ಮೇಯಬೇಕು.

"ಆಮೇಲೆ?" ಎಂದರು ಇನ್‌ಸ್ಪೆಕ್ಟರು.

ಕರುಳು ಕೊರೆದು ಲಿವರಿಗೆ ಹೋಗಿ, ತಿನ್ನುತ್ತಾ ಸುರಂಗ ತೋಡುತ್ತವೆ. ನೂರಾರು ಒಟ್ಟಿಗೆ ತೋಡಿದರೆ ಲಿವರಿನೊಳಗೇ ರಕ್ತ ಸುರಿದು, ನಿನ್ನೆ ಮೇಯುತ್ತಿದ್ದ ಕುರಿ ಇವತ್ತು ಬೆಳಿಗ್ಗೆ ಕಾಲು ಚಾಚಿ ಬಿದ್ದಿರುತ್ತದೆ. ನೋಡಿದವರು ವಿಷವೆನ್ನುತ್ತಾರೆ. ಮೂರು ತಿಂಗಳು ತುಂಬುವವರೆಗೆ ಹುಳು ಮೊಟ್ಟೆಯಿಡುವುದಿಲ್ಲ; ಹಾಗಾಗಿ ಹಿಕ್ಕೆಯಲ್ಲಿ ಮೊಟ್ಟೆ ಕಾಣುವುದಿಲ್ಲ.

"ಮೊಟ್ಟೆ ಇಲ್ಲ ಅಂತ ಬರೆದೆ. ಹುಳು ಇಲ್ಲ ಅಂತ ಬರೀಲಿಲ್ಲ," ಎಂದಳು ಅಕ್ಕ. ಕಣ್ಣು ಮೇಲ್ವಿಚಾರಕರ ಕಡತದ ಮೇಲಿತ್ತು. "ನಾನು ಬರೆದಿದ್ದನ್ನ ಬರೆದ ಹಾಗೇ ಓದಿದ್ದಿದ್ರೆ ಈ ಮನುಷ್ಯನ ಕೈಗೆ ಕೋಳ ಬೀಳ್ತಿರಲಿಲ್ಲ. ವಿಷ ಅಲ್ಲ ಇದು. ಈ ಉದ್ದಕ್ಕೆ ಆರು ವಾರದ ಹುಳು."

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಇನ್‌ಸ್ಪೆಕ್ಟರು ಕೋಳದ ಕೀಲಿಗಾಗಿ ಜೇಬು ತಡಕಿದ್ದನ್ನೂ ನೋಡಿದೆ. ಇನ್ನೇನು ಮುಗಿಯಿತು ಎಂದುಕೊಂಡೆ.

ಮೇಲ್ವಿಚಾರಕರು ಗಂಟಲು ಸರಿಮಾಡಿಕೊಂಡರು. ಅವರಿಗೆ ಸೋಲು ಒಪ್ಪಿ ಅಭ್ಯಾಸವಿಲ್ಲ. ಆರು ವಾರದ ಹುಳು ಎಂದರೆ ಆರು ವಾರದ ಹಿಂದೆ ಕುರಿ ಜೌಗಿನ ಹುಲ್ಲು ತಿಂದಿದೆ ಎಂದಾಯಿತು. ಫಾರಮ್ಮಿನ ಬೇಲಿಯಾಚೆ ಜೌಗಿದೆ. ಅಲ್ಲಿ ಮೇಯಿಸಬಾರದೆಂದು ಲಿಖಿತ ಆಜ್ಞೆಯಿದೆ. ಆರು ವಾರದ ಹಿಂದೆ ರಜೆಯ ಮಾತೇ ಇಲ್ಲ, ಮಂದೆ ಅಜ್ಜನ ಕೈಯಲ್ಲೇ ಇತ್ತು.

"ವಿಷ ಹಾಕಿ ಕೊಂದನೋ, ಜೌಗಿಗೆ ಹೊಡೆದು ಕೊಂದನೋ," ಎಂದರು. "ಕೊಂದವನು ಇವನೇ ತಾನೇ? ಸ್ಲೈಡಮ್ಮ ನನ್ನ ಕೆಲಸ ಇನ್ನೂ ಸುಲಭ ಮಾಡಿಕೊಟ್ರು."

ಇನ್‌ಸ್ಪೆಕ್ಟರ ಕೈ ಜೇಬಿನಿಂದ ಖಾಲಿಯಾಗಿ ಹೊರಬಂತು.

ಅಲ್ಲಿಯವರೆಗೆ ಅಜ್ಜ ತಲೆ ತಗ್ಗಿಸಿ ನಿಂತಿದ್ದ. ವಿಷವೆಂದಾಗ ಕುಗ್ಗಿದ್ದ, ಕೋಳ ಹಾಕಿದಾಗ ಅತ್ತಿದ್ದ. ಈಗ ತಲೆ ಎತ್ತಿದ. ಕಣ್ಣು ಕೆಂಡವಾಗಿತ್ತು, ಆದರೆ ಆ ಸಿಟ್ಟು ಮೇಲ್ವಿಚಾರಕರ ಮೇಲಲ್ಲ, ನನ್ನಕ್ಕನ ಮೇಲೆ.

"ಏನಮ್ಮಾ ಸ್ಲೈಡಮ್ಮ," ಎಂದ. "ವಿಷ ಹಾಕ್ದೆ ಅಂತ ಬೇಕಾದ್ರೆ ಬರ್ಕೊಳ್ಳಿ, ಜೈಲಿಗೆ ಹೋಗ್ತೀನಿ. ಜೌಗಲ್ಲಿ ಕುರಿ ಮೇಯಿಸ್ದೆ ಅಂತ ಮಾತ್ರ ಬರೀಬೇಡಿ."

ಮೇಲ್ವಿಚಾರಕರು ನಕ್ಕರು. ಅಕ್ಕ ನಗಲಿಲ್ಲ. ಚಿಮಟ ಕೆಳಗಿಟ್ಟು ಪೂರ್ತಿ ಅವನ ಕಡೆ ತಿರುಗಿದಳು. ತನ್ನಂಥವನೇ ಇನ್ನೊಬ್ಬ ಸಿಕ್ಕಿದ ಹಾಗಿತ್ತು ಅವಳ ನೋಟ.

ಅಜ್ಜ ಹೇಳುತ್ತಾ ಹೋದ. ನಲವತ್ತು ವರ್ಷದಲ್ಲಿ ಒಂದು ದಿನವೂ ಮಂದೆಯನ್ನು ಕೆಳಗಿನ ಬಯಲಿಗೆ ಇಳಿಸಿದವನಲ್ಲ. ಮೇಲಿನ ಒಣ ಹುಲ್ಲುಗಾವಲು ಬಿಟ್ಟರೆ ಬೇರೆ ಕಡೆ ಕಾಲಿಟ್ಟವನಲ್ಲ. ಬೆಳಿಗ್ಗೆ ಇಬ್ಬನಿ ಆರುವವರೆಗೆ ದೊಡ್ಡಿಯ ಬಾಗಿಲು ತೆಗೆಯುವುದಿಲ್ಲ, ಮೇಲ್ವಿಚಾರಕರೇ ತಡವಾಯಿತೆಂದು ಎಷ್ಟು ಸಲ ಬೈದಿಲ್ಲ? ಮಳೆ ಬಂದ ಮರುದಿನ ಹುಲ್ಲು ಕೊಯ್ದು ಬಿಸಿಲಿಗೆ ಹರಡಿ, ಒಣಗಿಸಿ ಹಾಕುತ್ತಾನೆ. ಈ ತಳಿಯನ್ನು ಬೆಳೆಸಿದ್ದು ಪುಸ್ತಕವಲ್ಲ, ತಾನು. ಒಂದೊಂದರ ಅಜ್ಜಿ, ಮುತ್ತಜ್ಜಿ ಯಾರೆಂದು ಹೇಳುತ್ತಾನೆ, ಬೇಕಾದರೆ ಕೇಳಿ.

ನಾನು ಎಷ್ಟೋ ಜನ ಆರೋಪಿಗಳನ್ನು ನೋಡಿದ್ದೇನೆ. ತಪ್ಪಿಸಿಕೊಳ್ಳಲು ಸುಳ್ಳು ಹೇಳುವವರು ತಮ್ಮ ಮೇಲಿನ ದೊಡ್ಡ ಆರೋಪ ಬಿಟ್ಟು ಸಣ್ಣದಕ್ಕೆ ಸಿಟ್ಟಾಗುವುದಿಲ್ಲ.

ಅಕ್ಕ ಸ್ಟೂಲಿಗೆ ಮರಳಿದಳು. ಉಳಿದರ್ಧ ಲಿವರನ್ನು ತಟ್ಟೆಗೆ ಹಾಕಿಕೊಂಡು, ಸಣ್ಣ ಕತ್ತರಿಯಿಂದ ಪಿತ್ತದ ನಾಳವೊಂದನ್ನು ಉದ್ದಕ್ಕೆ ಸೀಳಿದಳು. ಆಮೇಲೆ ಅವಳ ಕೈ ನಿಂತಿತು.

"ತಮ್ಮ, ಬರ್ಕೋ. ಹದಿನೆಂಟನೇದು." ದನಿ ಬದಲಾಗಿತ್ತು. "ಇಪ್ಪತ್ತೇಳು ಮಿಲಿಮೀಟರು."

ನಾನು ತಪ್ಪು ಕೇಳಿದೆನೆಂದುಕೊಂಡೆ. ಬಗ್ಗಿ ನೋಡಿದೆ. ಸಣ್ಣ ಎಲೆಯಂಥ ಹುಳು, ಒಂದಂಗುಲಕ್ಕೂ ಮಿಕ್ಕಿ ಉದ್ದ. ಅಕ್ಕ ಅದನ್ನು ಎರಡು ಗಾಜಿನ ನಡುವೆ ಒತ್ತಿ, ದಾರ ಸುತ್ತಿ, ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಇನ್‌ಸ್ಪೆಕ್ಟರನ್ನು ಕರೆದು ಕತ್ತಿನ ಕೆಳಗಿನ ಕಂದು ಗಂಟು ತೋರಿಸಿದಳು. ಗಂಟಿನ ತುಂಬ ಮೊಟ್ಟೆ, ಒಂದೊಂದಕ್ಕೂ ಡಬ್ಬಿಗಿರುವಂಥ ಪುಟ್ಟ ಮುಚ್ಚಳ.

ಇದು ಮರಿಯಲ್ಲ, ಎಂದಳು. ಮೂರು ತಿಂಗಳಿಗೆ ಕಡಿಮೆಯಿಲ್ಲ. ನಾಳ ಗಟ್ಟಿಯಾಗಿರುವುದು ನೋಡಿದರೆ ವರ್ಷವೇ ಆಗಿರಬಹುದು. ಈ ಕುರಿ ಆರು ವಾರದ ಹಿಂದೆ ಮಾತ್ರವಲ್ಲ, ಬಹಳ ಹಿಂದಿನಿಂದಲೂ ಜೌಗಿನಲ್ಲಿ ಮೇಯ್ದದ್ದು. ಸತ್ತ ಮೇಲೆ ತನಗೆ ಬಂದ ಹಿಕ್ಕೆಗಳಲ್ಲಿ ಇದರದ್ದು ಇರಲಿಲ್ಲ.

ಮೇಲ್ವಿಚಾರಕರಿಗೆ ಇದೇ ಬೇಕಿತ್ತು. ಕಡತ ಮೇಜಿನ ಮೇಲೆ ಬಡಿದರು. ಅಜ್ಜ ಎಷ್ಟೋ ಕಾಲದಿಂದ ಜೌಗಿಗೆ ಹೊಡೆಯುತ್ತಿದ್ದನೆಂದು ಇದರಿಂದಲೇ ಸಾಬೀತಾಯಿತಲ್ಲ. ಆಮೇಲೆ ತಲೆ ಓರೆ ಮಾಡಿ, ನಿಧಾನವಾಗಿ, ಪ್ರತಿ ತಿಂಗಳೂ ಫಾರಮ್ಮಿನ ಪ್ರತಿ ಕುರಿಯ ಹಿಕ್ಕೆ ಪರೀಕ್ಷೆಗೆ ಬರುತ್ತಿತ್ತಲ್ಲವೇ ಎಂದು ಕೇಳಿದರು. ಬರುತ್ತಿತ್ತು. ಪ್ರತಿ ತಿಂಗಳೂ ಮೊಟ್ಟೆ ಇಲ್ಲವೆಂದೇ ಬರೆದಿದ್ದೀರಲ್ಲವೇ? ಹೌದು.

"ವರ್ಷದಿಂದ ಮೊಟ್ಟೆಯಿಡೋ ಹುಳು ಹೊಟ್ಟೇಲಿದೆ. ನಿಮ್ಮ ರಿಜಿಸ್ಟರಿನಲ್ಲಿ ಮೊಟ್ಟೆ ಇಲ್ಲ," ಎಂದರು. "ಹಾಗಾದ್ರೆ ಇಷ್ಟು ವರ್ಷದಿಂದ ನೀವಿಲ್ಲಿ ಏನು ನೋಡ್ತಿದ್ರಿ? ಫಲಕ ಬೇರೆ ಕೊಟ್ಟಿದ್ದೀವಿ ನಿಮಗೆ."

ನನ್ನ ಕೈ ಮುಷ್ಟಿಯಾಯಿತು. ಇಪ್ಪತ್ತೈದು ವರ್ಷದ ಪೊಲೀಸ್ ಬುದ್ಧಿ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಇನ್‌ಸ್ಪೆಕ್ಟರು ನನ್ನ ತೋಳು ಹಿಡಿದರು. ತೊಟ್ಟಿಯ ಬಳಿ ಡಾಕ್ಟರು ತಟ್ಟೆಯನ್ನು ಮೂರನೆಯ ಸಲ ತೊಳೆಯುತ್ತಿದ್ದ.

ಅಕ್ಕ ಎದ್ದು, ಕಪಾಟಿನಿಂದ ಉದ್ದದ ರಿಜಿಸ್ಟರನ್ನು ತಂದು ಮೇಜಿನ ಮೇಲೆ ಬಿಚ್ಚಿದಳು. ಬಾಟಲಿಯ ಚೀಟಿ ನೋಡಿದಳು: ನೂರಾ ಹದಿನೆಂಟು. ರಿಜಿಸ್ಟರಿನಲ್ಲಿ ನೂರಾ ಹದಿನೆಂಟರ ಸಾಲಿನ ಮೇಲೆ ಬೆರಳಿಟ್ಟಳು. ನಾಲ್ಕು ವರ್ಷದ ಕುರಿ, ನಲವತ್ತಾರು ತಿಂಗಳ ಪರೀಕ್ಷೆ, ನಲವತ್ತಾರು ಕಡೆ ಇಲ್ಲ, ಇಲ್ಲ, ಇಲ್ಲ.

"ಒಂದೊಂದು ಇಲ್ಲ ಬರೆಯೋಕೂ ಮೂರು ಸ್ಲೈಡು ನೋಡಿದ್ದೀನಿ," ಎಂದಳು. "ನನ್ನ ರಿಜಿಸ್ಟರು ಸರಿ. ಈ ಅಜ್ಜನ ಮಾತು ಕೇಳಿದಿರಲ್ಲ, ಅವರ ಮೇವೂ ಸರಿ. ಹುಳುವಿಗೆ ಸುಳ್ಳು ಹೇಳೋಕೆ ಬರಲ್ಲ, ಅದೂ ಸರಿ. ಮೂರೂ ಸರಿ ಅಂದಮೇಲೆ ತಪ್ಪಾಗಿರೋದು ಒಂದೇ. ಕುರಿ."

ಯಾರಿಗೂ ತಕ್ಷಣ ಅರ್ಥವಾಗಲಿಲ್ಲ. ನನಗಂತೂ ಆಗಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಅವಳು ಚಿಮಟವನ್ನು ಬಾಟಲಿಯೊಳಗೆ ಇಳಿಸಿದಳು. ತಳದಿಂದ ಇನ್ನೊಂದು ತುಂಡನ್ನು ಎತ್ತಿ ಬಿಳಿ ತಟ್ಟೆಯ ಮೇಲಿಟ್ಟಳು. ಅದೊಂದು ಕಿವಿ. ಹಳದಿ ಟ್ಯಾಗಿನ ಸಮೇತ ಬುಡಕ್ಕೆ ಕತ್ತರಿಸಿದ ಕುರಿಯ ಕಿವಿ.

ಇದು ಅಕ್ಕನ ಲ್ಯಾಬಿನ ಪದ್ಧತಿ, ಬೇರೆಲ್ಲೂ ಇಲ್ಲ. ಕೆಲಸಕ್ಕೆ ಸೇರಿದ ವರ್ಷ ಎರಡು ಬಾಟಲಿಗಳ ಚೀಟಿ ಕಳಚಿ ಬಿದ್ದು ಅದಲುಬದಲಾಗಿ, ಆರೋಗ್ಯವಾಗಿದ್ದ ಹಸುವೊಂದನ್ನು ಸಾಯಿಸಿದ್ದರಂತೆ. ಅವತ್ತಿನಿಂದ ಅವಳ ಕೈಯಲ್ಲಿ ಕಲಿತ ಪ್ರತಿಯೊಬ್ಬರಿಗೂ ಒಂದೇ ಕಟ್ಟಪ್ಪಣೆ: ಯಾವ ಪ್ರಾಣಿಯ ಅಂಗ ಬಾಟಲಿಗೆ ಬಿದ್ದರೂ ಅದರ ಟ್ಯಾಗಿನ ಕಿವಿ ಜೊತೆಗೇ ಬೀಳಬೇಕು. ಮೊದಲು ಕಿವಿ, ಆಮೇಲೆ ಅಂಗ. ತಪ್ಪಿದವರಿಗೆ ಅವಳು ಮೂರು ದಿನ ಗಾಜು ತೊಳೆಯಲು ಹಾಕುತ್ತಿದ್ದಳು.

ಅವಳು ಇನ್‌ಸ್ಪೆಕ್ಟರಿಗೆ ಟ್ಯಾಗಿನ ತೂತು ತೋರಿಸಿದಳು. ನೂರಾ ಹದಿನೆಂಟಕ್ಕೆ ಟ್ಯಾಗು ಹೊಡೆದದ್ದು ಮರಿಯಾಗಿದ್ದಾಗ, ನಾಲ್ಕು ವರ್ಷದ ಹಿಂದೆ. ನಮ್ಮ ಓಲೆಯ ತೂತಿನ ಹಾಗೆ ಅಂಚು ಮಾಗಿ, ನಯವಾಗಿ, ಕೂದಲು ಬಂದಿರಬೇಕು. ಇಲ್ಲಿ ಅಂಚೆಲ್ಲ ಹಸಿ, ಸುತ್ತ ಊತ, ಇನ್ನೂ ಹಕ್ಕಳೆ ಉದುರಿಲ್ಲ. ಸಾಯುವ ಹೊತ್ತಿಗೆ ಈ ಗಾಯಕ್ಕೆ ಎರಡು ವಾರವೂ ಆಗಿರಲಿಲ್ಲ.

ಅಜ್ಜ ಕೋಳದ ಕೈ ಮುಂದೆ ಚಾಚಿ ತಟ್ಟೆಯ ಹತ್ತಿರ ಬಂದ. ಒಂದು ನಿಮಿಷ ನೋಡಿದ. ಮುಖ ಅರಳಿತು, ಅದರ ಹಿಂದೆಯೇ ಕಣ್ಣು ತುಂಬಿತು.

"ನೂರಾ ಹದಿನೆಂಟು ಅಂದ್ರೆ ನಮ್ಮ ತುಂಟಿ. ಇದು ಅವಳಲ್ಲ," ಎಂದ. "ಮರಿಯಿದ್ದಾಗ ತಂತಿಬೇಲಿಗೆ ಸಿಕ್ಕಿ ಅವಳ ಕಿವಿ ತುದಿ ಸೀಳಿದೆ. ನಾನೇ ಅರಿಶಿನ ಹಚ್ಚಿದ್ದೆ. ಇದರ ತುದಿ ನೆಟ್ಟಗಿದೆ ನೋಡಿ. ನನ್ನ ತುಂಟಿ ಸತ್ತಿಲ್ಲ."

ನಂಬರು ಸರಿಯಿತ್ತಲ್ಲ, ನಂಬರು ನಾನೇ ನೋಡಿದ್ದೆನಲ್ಲ ಎಂದು ಮೇಲ್ವಿಚಾರಕರು ಎರಡು ಸಲ ಹೇಳಿದರು. ಅದರಲ್ಲೇ ಇತ್ತು ನೋಡಿ ಎಲ್ಲವೂ. ಅವರು ಓದಿದ್ದು ನಂಬರು. ಬದಲಿಗೆ ಬಂದ ಕೂಲಿಯಾಳುಗಳಿಗೆ ಎಲ್ಲ ಕುರಿಯೂ ಒಂದೇ. ಮುಖ ಓದಬಲ್ಲವನು ಒಬ್ಬನೇ ಇದ್ದ, ಅವನು ಹದಿನೆಂಟು ದಿನ ರಜೆಯಲ್ಲಿದ್ದ, ಬಂದ ದಿನ ಒಳಗೆ ಬಿಡದೆ ಹಿಡಿದುಕೊಂಡು ಹೋದರು. ಅವನಿಲ್ಲದಾಗ ಯಾರೋ ಒಳ್ಳೆಯ ಕುರಿಗಳನ್ನು ಸಾಗಿಸಿ, ಜೌಗಿನ ರೋಗಿಷ್ಟ ಕುರಿಗಳಿಗೆ ಅದೇ ನಂಬರಿನ ಹೊಸ ಟ್ಯಾಗು ಹೊಡೆದು ಬಿಟ್ಟಿದ್ದಾರೆ. ಅವು ತಮ್ಮ ಹೊಟ್ಟೆಯಲ್ಲಿದ್ದ ಹುಳುವಿನಿಂದ ತಾವಾಗಿ ಸತ್ತಿವೆ.

ಇನ್‌ಸ್ಪೆಕ್ಟರು ಈ ಸಲ ಕೀಲಿ ಹೊರತೆಗೆದರು. ಅಜ್ಜನ ಬಲಗೈಯ ಕೋಳ ಬಿಚ್ಚಿದರು. ಎಡಗೈಯದನ್ನು ಬಿಚ್ಚುವ ಮೊದಲು ಒಂದು ಹೆಸರು ಬೇಕು ಎಂದರು. ಇವನಲ್ಲವಾದರೆ ಯಾರೆಂದು ಕೋರ್ಟು ಕೇಳುತ್ತದೆ, ನಾಲ್ಕು ಗಂಟೆಗೆ ಬರಿಗೈಯಲ್ಲಿ ಹೋಗಿ ನಿಂತರೆ ಇವನನ್ನೇ ಒಳಗೆ ಕಳಿಸುತ್ತದೆ.

ಅಕ್ಕ ಕೇಳಿಸಿಕೊಳ್ಳಲೇ ಇಲ್ಲ. ಅವಳ ಮುಖದಲ್ಲಿ ಮೂವತ್ತೊಂದು ವರ್ಷದ ಬೆಳಕಿತ್ತು. ತೊಟ್ಟಿಯ ಬಳಿ ನಿಂತವನ ಒದ್ದೆ ಕೈಯನ್ನು ಹಿಡಿದು ಎಲ್ಲರ ಮುಂದೆ ಎಳೆದು ತಂದಳು.

"ಈ ಬಾಟಲಿ ತುಂಬಿದ್ದು ಯಾರು ಗೊತ್ತಾ ಇನ್‌ಸ್ಪೆಕ್ಟರೇ? ನನ್ನ ಹುಡುಗ," ಎಂದಳು. "ಬೇರೆ ಯಾವ ಡಾಕ್ಟರಾಗಿದ್ರೂ ಲಿವರ್ ಒಂದು ಹಾಕಿ ಕಳಿಸ್ತಿದ್ದ. ಇವನು ಆ ಗಡಿಬಿಡೀಲೂ ಮೊದಲು ಕಿವಿ ಹಾಕಿದ್ದಾನೆ. ಇದು ನಾನು ತಿದ್ದಿದ ಕೈ."

ಡಾಕ್ಟರು ಆ ತಟ್ಟೆಯ ಕಡೆ ನೋಡುತ್ತಿದ್ದ. ಕಿವಿಯನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡುತ್ತಿದ್ದ.

ಇನ್‌ಸ್ಪೆಕ್ಟರು ನನ್ನ ಕಡೆ ತಿರುಗಿದರು. ಅಷ್ಟು ಕುರಿ ಒಳಗೆ ಬರಬೇಕು, ಅಷ್ಟು ಹೊರಗೆ ಹೋಗಬೇಕು. ಫಾರಮ್ಮಿಗೆ ಇರುವುದು ಒಂದೇ ಗೇಟು.

ನಾನು ಎದೆಯುಬ್ಬಿಸಿಯೇ ಉತ್ತರ ಕೊಟ್ಟೆ. ನನ್ನ ಗೇಟಿನ ಪುಸ್ತಕದಲ್ಲಿ ಸೈಕಲ್ಲೂ ಬಿಟ್ಟುಹೋಗುವುದಿಲ್ಲ. ಸಂಜೆ ಮಂದೆ ಬರುವಾಗ ಒಂದೊಂದೇ ಕುರಿ ಎಣಿಸಿ ಒಳಗೆ ಬಿಡುತ್ತೇನೆ. ಲೆಕ್ಕ ಒಂದು ದಿನವೂ ತಪ್ಪಿಲ್ಲ. ಅಜ್ಜ ರಜೆಗೆ ಹೋದಾಗಿನಿಂದ ಮೊದಲ ಕುರಿ ಸಾಯುವವರೆಗೆ ಕುರಿ ತುಂಬಿದ ಲಾರಿಯಿರಲಿ, ಖಾಲಿ ಲಾರಿಯೂ ಬಂದಿಲ್ಲ. ಅಷ್ಟು ದಿನ ಹಗಲು ನಾನು ಗೇಟು ಬಿಟ್ಟು ಕದಲಿದವನೇ ಅಲ್ಲ, ರಾತ್ರಿ ಬೀಗದ ಕೀಲಿ ನನ್ನಲ್ಲೇ ಎನ್ನುತ್ತಾ, ಸಾಕ್ಷಿಗೆ ನಿಂತವನ ಹಾಗೆ ಗೋಡೆಯ ಕಡೆ ಕೈ ಮಾಡಿದೆ.

ಕೈ ಹೋದದ್ದು ಫಲಕದ ಕಡೆಗೆ. ಬೆಳಿಗ್ಗೆ ನಾನೇ ಒರೆಸಿದ್ದ ಹಿತ್ತಾಳೆ. ಅಕ್ಕನ ಹೆಸರಿನ ಕೆಳಗೆ ಸನ್ಮಾನದ ದಿನಾಂಕವಿತ್ತು.

ಅಜ್ಜ ರಜೆಗೆ ಹೋದ ಮೂರನೆಯ ದಿನ.

ಅವತ್ತು ಹತ್ತು ಗಂಟೆಯಿಂದ ನಾಲ್ಕರವರೆಗೆ ಫಾರಮ್ಮಿನವರೆಲ್ಲ ಮಂದೆಯನ್ನು ದೊಡ್ಡಿಯಲ್ಲೇ ಬಿಟ್ಟು ಈ ಕಟ್ಟಡದ ಸಭಾಂಗಣದಲ್ಲಿದ್ದರು. ಮೇಲ್ವಿಚಾರಕರು ಮೈಕು ಹಿಡಿದು ಒಂದೂವರೆ ತಾಸು ಕೊರೆದರು. ನಾನು ಮೊದಲ ಸಾಲಿನಲ್ಲಿ ಕೂತು ಎರಡೂ ಕೈ ಕೆಂಪಾಗುವ ತನಕ ಚಪ್ಪಾಳೆ ತಟ್ಟಿದೆ. ಗೇಟು ಬಿಟ್ಟು ಬರಲಾರೆನೆಂದು ನಾನು ಹಟ ಮಾಡಿದ್ದಾಗ, ಅಕ್ಕನ ಸನ್ಮಾನ ನೀವೇ ನೋಡದಿದ್ದರೆ ಹೇಗೆ, ಹೋಗಿ, ಗೇಟು ನಾನು ನೋಡಿಕೊಳ್ಳುತ್ತೇನೆ ಎಂದು ಬೆನ್ನು ತಟ್ಟಿ ಕಳಿಸಿದವನೊಬ್ಬನಿದ್ದ. ಅವನ ಅಂಗೈಯಲ್ಲಿ ಕೀಲಿ ಇಟ್ಟವನು ನಾನು. ಆ ದಿನದ ಪುಟದಲ್ಲಿ ಅವನ ಅಕ್ಷರವಿದೆ: ವಾಹನ ಇಲ್ಲ.

ಟ್ಯಾಗುಗಳ ದಾಸ್ತಾನು ಇರುವುದೂ ಅವನ ಕಪಾಟಿನಲ್ಲೇ.

"ಏನಾಯ್ತು ತಮ್ಮ?" ಎಂದಳು ಅಕ್ಕ. ಅವಳಿನ್ನೂ ಅವನ ಕೈ ಹಿಡಿದೇ ಇದ್ದಳು. "ಗೇಟಲ್ಲಿ ಯಾವತ್ತಾದ್ರೂ ಬೇರೆ ಯಾರಾದ್ರೂ ಇದ್ರಾ?"

ಸುಳ್ಳು ಹೇಳಬಹುದಿತ್ತು. ನಿಜ ಹೇಳುತ್ತೇನೆ, ಒಂದು ಗಳಿಗೆ ಆ ಯೋಚನೆ ಬಂತು. ಆ ಹುಡುಗ ಅವಳ ಹೆಮ್ಮೆ. ಆ ಫಲಕವೂ ಅವಳ ಹೆಮ್ಮೆ. ಒಂದು ಮಾತಿಗೆ ಎರಡೂ ಮಣ್ಣಾಗುತ್ತವೆ. ಆದರೆ ಅಜ್ಜನ ಎಡಗೈಯಲ್ಲಿ ಕೋಳ ಇನ್ನೂ ನೇತಾಡುತ್ತಿತ್ತು, ಗಡಿಯಾರ ಮೂರೂವರೆ ತೋರಿಸುತ್ತಿತ್ತು.

"ಅಕ್ಕಾ," ಎಂದೆ. "ಆ ಫಲಕದ ದಿನಾಂಕ ಓದು."

ಅವಳು ತಿರುಗಿ ಓದಿದಳು. ಲೆಕ್ಕ ಹಾಕುವುದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅವತ್ತು ವೇದಿಕೆಯ ಮೇಲಿಂದ ಅವಳು ತನ್ನ ಹುಡುಗನನ್ನು ಹುಡುಕಿದ್ದು, ಅವನು ಕಾಣದೆ ಬೇಸರಪಟ್ಟಿದ್ದು, ನಿನ್ನನ್ನು ಕಳಿಸಲೆಂದೇ ಅವನು ಗೇಟಿನಲ್ಲಿ ಉಳಿದನಲ್ಲ, ಎಂಥ ಮನಸ್ಸು ಎಂದು ರಾತ್ರಿ ನನ್ನೊಡನೆ ಹೇಳಿದ್ದು, ಎಲ್ಲ ನನಗೂ ನೆನಪಿತ್ತು.

ಅವನ ಕೈಯನ್ನು ಅವಳು ಕೊಡವಲಿಲ್ಲ. ಮೆಲ್ಲಗೆ ಬಿಟ್ಟಳು. ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಕಲಿಯಲು ಬಂದವರಿಗೆ ಪ್ರಶ್ನೆ ಕೇಳುವಾಗಿನ ಅದೇ ದನಿಯಲ್ಲಿ ಕೇಳಿದಳು.

"ಇಪ್ಪತ್ಮೂರು ಕುರಿ ಎಲ್ಲಿವೆಯಪ್ಪ?"

ಡಾಕ್ಟರು ತಲೆ ಎತ್ತಲಿಲ್ಲ. ಅವನ ಬೆರಳುಗಳಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು.

"ಇಪ್ಪತ್ಮೂರಲ್ಲ ಅಮ್ಮ," ಎಂದ. "ಇಪ್ಪತ್ಮೂರು ಸತ್ತಿದ್ದು ಅಷ್ಟೇ. ಫಾರಮ್ಮಲ್ಲಿ ಈಗ ಮೇಯ್ತಾ ಇರೋದ್ರಲ್ಲಿ ಅಜ್ಜಂದು ಒಂದೂ ಇಲ್ಲ."